ಓಡೋದು ಆಮೇಲೆ, ಮೊದಲು ನಿಲ್ಲಬೇಕು

ಹೊಸ ಕಾರು ಮನೆಗೆ ಬಂದರೆ ನೆಂಟರಿಷ್ಟರು ಕೇಳುವ ಪ್ರಶ್ನೆ ಎರಡು. ‘ಎಷ್ಟು ಕೊಡುತ್ತೆ?’ ಮತ್ತು ‘ಎಷ್ಟು ಸ್ಪೀಡ್ ಹೋಗುತ್ತೆ?’ ಲೀಟರಿಗೆ ಎಷ್ಟು ಅನ್ನುವುದು ದೊಡ್ಡವರ ಪ್ರಶ್ನೆ, ಗಂಟೆಗೆ ಎಷ್ಟು ಅನ್ನುವುದು ಹುಡುಗರ ಪ್ರಶ್ನೆ. ‘ಎಷ್ಟು ಚೆನ್ನಾಗಿ ನಿಲ್ಲುತ್ತೆ?’ ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ.

ಆದರೆ ಅದನ್ನೇ ಮೊದಲು ಕೇಳುವ ಜನರ ಲೋಕವೊಂದಿದೆ. ಹದಿನೈದೋ ಇಪ್ಪತ್ತೈದೋ ವರ್ಷ ಹಳೆಯದಾದ ಪುಟ್ಟ ಕಾರೊಂದನ್ನು ಅಗ್ಗಕ್ಕೆ ಕೊಂಡು, ಪೂರಾ ಬಿಚ್ಚಿ, ಮತ್ತೆ ಜೋಡಿಸಿ, ರೇಸ್ ಟ್ರ್ಯಾಕಿಗೆ ತೆಗೆದುಕೊಂಡು ಹೋಗಿ ಓಡಿಸುವ ಹುಚ್ಚು ಹತ್ತಿದವರ ಲೋಕ. ಈ ಹುಚ್ಚಿಗೆ ಸುಮಾರು ಐವತ್ತು ವರ್ಷದ ಚರಿತ್ರೆ ಇದೆ. ಜರ್ಮನಿಯಲ್ಲಿ ಶುರುವಾಗಿ, ಇಂಗ್ಲೆಂಡಿನ ಹಾಳು ಬಿದ್ದ ವಿಮಾನ ನಿಲ್ದಾಣಗಳಲ್ಲಿ ಬೆಳೆದು, ನಮ್ಮ ಮಾರುತಿಯ ತನಕ ಬಂದ ಕಥೆ ಅದು.

ಟ್ರ್ಯಾಕ್ ಡೇ ಅಂದರೆ ರೇಸಲ್ಲ

ಮೊದಲು ಇದೊಂದನ್ನು ಸ್ಪಷ್ಟ ಮಾಡಿಕೊಂಡುಬಿಡೋಣ. ಟ್ರ್ಯಾಕ್ ಡೇ ಅಂದರೆ ರೇಸಲ್ಲ. ಒಂದು ರೇಸ್ ಟ್ರ್ಯಾಕನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ಸಾಮಾನ್ಯ ಜನ ದುಡ್ಡು ಕೊಟ್ಟು ತಮ್ಮ ತಮ್ಮ ಕಾರು ತಂದು ಓಡಿಸುತ್ತಾರೆ. ಬಹುಮಾನ ಇಲ್ಲ, ಮೊದಲ ಸ್ಥಾನ ಕೊನೆಯ ಸ್ಥಾನ ಇಲ್ಲ. ಎಷ್ಟೋ ಕಡೆ ಗಡಿಯಾರ ಹಿಡಿದು ಸಮಯ ನೋಡುವುದನ್ನೂ ನಿಷೇಧಿಸಿರುತ್ತಾರೆ. ಮುಂದಿನವನು ದಾರಿ ಬಿಟ್ಟರೆ ಮಾತ್ರ ಓವರ್‌ಟೇಕ್. ತಲೆಗೆ ಹೆಲ್ಮೆಟ್ ಕಡ್ಡಾಯ.

‘ಹಾಗಾದರೆ ಏನು ಮಜಾ?’ ಅಂತ ನೀವು ಕೇಳಬಹುದು. ಎದುರಿಗೆ ಬಸ್ಸು ಬರುವುದಿಲ್ಲ, ಅಡ್ಡ ನಾಯಿ ಬರುವುದಿಲ್ಲ, ಹಂಪ್ ಇಲ್ಲ, ಮಗು ಓಡಿ ಬರುವುದಿಲ್ಲ. ಒಂದೇ ತಿರುವನ್ನು ದಿನಕ್ಕೆ ಐವತ್ತು ಸಲ ತಿರುಗಿ, ಐವತ್ತನೆಯ ಸಲ ಮೊದಲಿಗಿಂತ ಚೆನ್ನಾಗಿ ತಿರುಗಿದರೆ ಅದೇ ಮಜಾ. ಸಂಗೀತ ಕಲಿಯುವವರು ಸರಳೆ ವರಸೆ ಹಾಡಿದ ಹಾಗೆ ಅನ್ನಿ.

ಇದಕ್ಕೆ ಲಕ್ಷಗಟ್ಟಲೆ ಬೆಲೆಯ ಸ್ಪೋರ್ಟ್ಸ್ ಕಾರು ಬೇಕಿಲ್ಲ. ಬೇಕಾಗಿರುವುದು ಹಗುರವಾದ, ಸರಳವಾದ, ಪಾರ್ಟ್ಸ್ ಸುಲಭವಾಗಿ ಸಿಗುವ, ಗುದ್ದಿದರೂ ಹೊಟ್ಟೆ ಉರಿಯದ ಕಾರು. ಅಂದರೆ ಹಳೆಯ ಹ್ಯಾಚ್‌ಬ್ಯಾಕ್. ಹಿಂದೆ ಡಿಕ್ಕಿ ಚಾಚಿಕೊಂಡಿರದೆ, ಹಿಂಬಾಗಿಲು ಗಾಜಿನ ಸಮೇತ ಮೇಲಕ್ಕೆ ಏಳುವ ಪುಟ್ಟ ಕಾರು.

1976ರ ಬೇಸಿಗೆ

ಯುರೋಪಿನ 1976ರ ಬೇಸಿಗೆಯಲ್ಲಿ, ಎರಡು ತಿಂಗಳಿಗೂ ಕಡಿಮೆ ಅಂತರದಲ್ಲಿ ಎರಡು ಘಟನೆ ನಡೆದವು. ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ನಮ್ಮ ಕಥೆಗೆ ಎರಡೂ ಬೇಕು.

ಮೊದಲನೆಯದು ಜೂನ್ ತಿಂಗಳಲ್ಲಿ. ಫೋಕ್ಸ್‌ವ್ಯಾಗನ್ ಕಂಪನಿ ಗಾಲ್ಫ್ ಜಿಟಿಐ ಎಂಬ ಕಾರನ್ನು ಮಾರುಕಟ್ಟೆಗೆ ಬಿಟ್ಟಿತು. ಗಾಲ್ಫ್ 1974ರಲ್ಲೇ ಬಂದಿತ್ತು. ಬೀಟಲ್ ಕಾರಿನ ಜಾಗ ತುಂಬಲು ಬಂದ ಸಂಸಾರಸ್ಥರ ಕಾರು ಅದು. ಮುಂದೆ ಅಡ್ಡಡ್ಡ ಕೂರಿಸಿದ ಎಂಜಿನ್, ಎಳೆಯುವುದು ಮುಂದಿನ ಚಕ್ರ, ಹಿಂದೆ ಮಕ್ಕಳು ಮರಿ, ತರಕಾರಿ ಚೀಲ.

ಅದಕ್ಕೊಂದು ಚುರುಕು ಅವತಾರ ಮಾಡಬೇಕು ಅನ್ನುವುದು ಕಂಪನಿಯ ಯೋಜನೆಯಲ್ಲಿ ಇರಲೇ ಇಲ್ಲ. ಆಲ್ಫೋನ್ಸ್ ಲೋವನ್‌ಬರ್ಗ್ ಎಂಬ ಎಂಜಿನಿಯರ್, ಪತ್ರಿಕಾ ವಿಭಾಗದ ಆಂಟೋನ್ ಕೊನ್ರಾಡ್, ಸಸ್ಪೆನ್ಷನ್ ಬಲ್ಲ ಹೆರ್ಬರ್ಟ್ ಶುಸ್ಟರ್ ಹೀಗೆ ಬೆರಳೆಣಿಕೆಯ ನೌಕರರು ಸದ್ದಿಲ್ಲದೆ ಶುರು ಮಾಡಿದ ಕೆಲಸ. ಕೊನ್ರಾಡ್ ಮನೆಯಲ್ಲಿ ಸೇರಿ ಚರ್ಚೆ ಮಾಡಿದರು. ಮೊದಲ ಪ್ರಯೋಗಗಳನ್ನು ಸಿರೊಕೊ ಎಂಬ ಇನ್ನೊಂದು ಮಾಡೆಲ್ಲಿನ ಮೈಮೇಲೆ ಮಾಡಿದರು. 1975ರಲ್ಲಿ ಮೇಲಿನವರ ಒಪ್ಪಿಗೆ ಸಿಕ್ಕಿ, ಆ ಸೆಪ್ಟೆಂಬರಿನ ಫ್ರಾಂಕ್‌ಫರ್ಟ್ ಮೇಳದಲ್ಲಿ ಕಾರು ಜನರ ಮುಂದೆ ಬಂತು. 1,588 ಸಿಸಿ ಎಂಜಿನ್, 110 ಅಶ್ವಶಕ್ತಿ, ಗಂಟೆಗೆ 180 ಕಿ.ಮೀ. ಮೀರಿದ ವೇಗ, ತೂಕ 800 ಕಿಲೋಗಿಂತ ಸ್ವಲ್ಪ ಹೆಚ್ಚು. ಗೇರ್ ಹಿಡಿಯ ತುದಿಗೆ ಗಾಲ್ಫ್ ಚೆಂಡು, ಸೀಟಿಗೆ ಚೌಕಳಿ ಬಟ್ಟೆ. ಇವೆರಡೂ ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಎಂಬ ವಿನ್ಯಾಸಗಾರ್ತಿಯ ಕಾಣಿಕೆ.

ಮಾಡಬೇಕು ಅಂದುಕೊಂಡಿದ್ದು 5,000 ಕಾರು. ಆ ಮೊದಲ ತಲೆಮಾರಿನ ಜಿಟಿಐ ಕೊನೆಗೆ ಮಾರಾಟವಾಗಿದ್ದು ನಾಲ್ಕು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು! ಕಂಪನಿಯ ಲೆಕ್ಕ ತಪ್ಪಿದರೆ ಹೀಗೆ ತಪ್ಪಬೇಕು :-)

ನಾನು ಇಲ್ಲಿ ಗಮನಿಸಿದ್ದು ಒಂದು ಸಂಗತಿ. ಆ ನೌಕರರು ಬರೀ ಎಂಜಿನ್ ದೊಡ್ಡದು ಮಾಡಿ ಸುಮ್ಮನಾಗಲಿಲ್ಲ. ಕಾರನ್ನು ನೆಲಕ್ಕೆ ಹತ್ತಿರ ತಂದರು. ತಿರುವಿನಲ್ಲಿ ವಾಲದಂತೆ ಅಡ್ಡ ಸರಳು ಹಾಕಿದರು. ಮುಂದಿನ ಬ್ರೇಕಿಗೆ ಗಾಳಿಯಾಡುವ, ನಡುವೆ ಸಂದಿ ಇರುವ ಡಿಸ್ಕ್ ಕೊಟ್ಟರು. ಓಡುವ ಶಕ್ತಿಯ ಜೊತೆಗೇ ನಿಲ್ಲುವ ಶಕ್ತಿ ಕೊಟ್ಟರು. ಹಳೇ ಹ್ಯಾಚ್‌ಬ್ಯಾಕನ್ನು ಟ್ರ್ಯಾಕಿಗೆ ಅಣಿ ಮಾಡುವವರು ಇಂದಿಗೂ ಮಾಡುವುದು ಈ ಪಟ್ಟಿಯ ಕೆಲಸವನ್ನೇ.

ಎರಡನೆಯ ಘಟನೆ ಆಗಸ್ಟ್ 1ರಂದು. ಜರ್ಮನಿಯ ನ್ಯೂರ್ಬುರ್ಗ್‌ರಿಂಗ್ ಎಂಬ ಟ್ರ್ಯಾಕಿನಲ್ಲಿ ಫಾರ್ಮುಲಾ ವನ್ ರೇಸ್ ನಡೆಯುತ್ತಿತ್ತು. 1927ರಲ್ಲಿ ಶುರುವಾದ ಈ ಟ್ರ್ಯಾಕಿನ ಉತ್ತರದ ಸುತ್ತು, ನೋರ್ಡ್‌ಶ್ಲೈಫೆ, ಒಂದು ಸುತ್ತಿಗೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಕಾಡಿನ ನಡುವೆ ಏರಿ ಇಳಿದು ಹೋಗುವ ದಾರಿ. ನಮ್ಮ ಚಾರ್ಮಾಡಿ ಘಾಟಿಯನ್ನು ಸುತ್ತಿ ಎರಡು ತುದಿ ಜೋಡಿಸಿದರೆ ಹೇಗಿರಬಹುದೋ ಹಾಗೆ. ಜಾಕಿ ಸ್ಟೀವರ್ಟ್ ಇದಕ್ಕೆ ಹಸಿರು ನರಕ ಅಂತ ಹೆಸರಿಟ್ಟಿದ್ದ.

ಹಿಂದಿನ ವರ್ಷದ ಚಾಂಪಿಯನ್ ನಿಕಿ ಲೌಡಾ ‘ಇಷ್ಟುದ್ದದ ಟ್ರ್ಯಾಕಿನಲ್ಲಿ ಅಪಘಾತವಾದರೆ ಸಹಾಯ ಬರುವುದು ತಡವಾಗುತ್ತದೆ, ರೇಸ್ ಬೇಡ’ ಎಂದು ಮೊದಲೇ ವಾದಿಸಿದ್ದ. ಉಳಿದ ಚಾಲಕರಿಂದ ಬೇಕಾದಷ್ಟು ಬೆಂಬಲ ಸಿಗಲಿಲ್ಲ. ರೇಸಿನ ಎರಡನೆಯ ಸುತ್ತಿನಲ್ಲಿ ಅವನ ಫೆರಾರಿಯೇ ಬದಿಗೆ ಬಡಿದು ಬೆಂಕಿ ಹೊತ್ತಿಕೊಂಡಿತು. ಅವನನ್ನು ಎಳೆದು ಹೊರಗೆ ಹಾಕಿದ್ದು ಹಿಂದೆ ಬರುತ್ತಿದ್ದ ಸಹಚಾಲಕರು. ಮುಖ ಸುಟ್ಟು, ಶ್ವಾಸಕೋಶಕ್ಕೆ ವಿಷಗಾಳಿ ಸೇರಿ ಸಾವಿನ ಅಂಚಿಗೆ ಹೋದ ಲೌಡಾ, ಆರು ವಾರದಲ್ಲಿ ಇಟಲಿಯ ಮೋಂಜಾದಲ್ಲಿ ಮತ್ತೆ ರೇಸಿಗಿಳಿದು ನಾಲ್ಕನೆಯವನಾಗಿ ಬಂದ. ಅದು ಬೇರೆಯೇ ಕಥೆ.

ಫಾರ್ಮುಲಾ ವನ್ ಆ ಹಳೆಯ ಸುತ್ತಿಗೆ ಮತ್ತೆ ಬರಲಿಲ್ಲ. 1984ರಲ್ಲಿ ಪಕ್ಕದಲ್ಲೇ ಚಿಕ್ಕದಾದ, ಸುರಕ್ಷಿತವಾದ ಹೊಸ ಟ್ರ್ಯಾಕ್ ತೆರೆಯಿತು. ಹಾಗಾದರೆ ಹಳೆಯ ಸುತ್ತಿನಲ್ಲಿ ಉಳಿದವರು ಯಾರು? ಬೇರೆ ರೇಸುಗಳು ಉಳಿದವು, ಕಂಪನಿಗಳ ಪರೀಕ್ಷಾ ಕಾರುಗಳು ಉಳಿದವು. ಮತ್ತೆ ಉಳಿದವರು ಜನಸಾಮಾನ್ಯರು. ಯಾಕೆಂದರೆ ಮೊದಲಿನಿಂದಲೂ ಆ ಟ್ರ್ಯಾಕನ್ನು, ರೇಸ್ ಇಲ್ಲದ ಹೊತ್ತಿನಲ್ಲಿ, ಸಾರ್ವಜನಿಕರು ಹಣ ಕೊಟ್ಟು ಬಳಸಬಹುದಿತ್ತು. ಈಗಲೂ ಬಳಸಬಹುದು. ಕಾನೂನಿನ ಪ್ರಕಾರ ಅದು ಟೋಲ್ ಕಟ್ಟುವ ಒಂದು ಒನ್‌ವೇ ರಸ್ತೆ! ಎಡಗಡೆಯಿಂದ ಮಾತ್ರ ಓವರ್‌ಟೇಕ್ ಮಾಡಬೇಕು. ಬದಿಯ ತಡೆಬೇಲಿಗೆ ಗುದ್ದಿದರೆ ಅದರ ದುರಸ್ತಿಯ ಬಿಲ್ಲು ಗುದ್ದಿದವರಿಗೇ.

ಪರಿಣತರು ಅಪಾಯ ಅಂತ ಬಿಟ್ಟು ಹೋದ ದಾರಿ. ಅದೇ ವರ್ಷ ಅಂಗಡಿಗೆ ಬಂದ, ಗುಮಾಸ್ತನೂ ಕೊಳ್ಳಬಹುದಾದ ಚುರುಕು ಕಾರು. ಎರಡೂ ಸೇರಿದಾಗ ಒಂದು ಹವ್ಯಾಸ ಬೆಳೆಯಿತು, ಒಂದು ಪ್ರಶ್ನೆಯೂ ಬೆಳೆಯಿತು. ಲೌಡಾನಂಥವನು ಸುರಕ್ಷಿತವಲ್ಲ ಅಂದ ಜಾಗಕ್ಕೆ ಭಾನುವಾರದ ಚಾಲಕ ಯಾವ ಧೈರ್ಯದಲ್ಲಿ ಹೋಗಬೇಕು? ಕಾರನ್ನು ಅಣಿ ಮಾಡುವ ವಿದ್ಯೆ ಎಲ್ಲ ಈ ಪ್ರಶ್ನೆಗೆ ಕೊಟ್ಟ ಉತ್ತರ ಅಂತ ನನಗನ್ನಿಸುತ್ತದೆ.

ಬಾಂಬರ್ ವಿಮಾನ ಹೋದ ಮೇಲೆ

ಇಂಗ್ಲೆಂಡಿನಲ್ಲಿ ಇಂಥ ಕಾಡಿನ ಟ್ರ್ಯಾಕ್ ಇರಲಿಲ್ಲ. ಅಲ್ಲಿ ಇದ್ದಿದ್ದು ಎರಡನೇ ಮಹಾಯುದ್ಧ ಮುಗಿದು ಖಾಲಿ ಬಿದ್ದ ವಿಮಾನ ನಿಲ್ದಾಣಗಳು. ರನ್‌ವೇ, ಅದರ ಸುತ್ತ ಕಾಂಕ್ರೀಟ್ ದಾರಿ, ಸುತ್ತಮುತ್ತ ಬಯಲು. ಸಿಲ್ವರ್‌ಸ್ಟೋನ್ ಹಾಗೆ ಆದದ್ದು. 1943ರಲ್ಲಿ ಬಾಂಬರ್ ವಿಮಾನಗಳ ನೆಲೆಯಾಗಿದ್ದ ಜಾಗದಲ್ಲಿ 1948ರಲ್ಲಿ ಗ್ರಾಂ ಪ್ರಿ ನಡೆಯಿತು. 1950ರ ಮೇ 13ರಂದು ಫಾರ್ಮುಲಾ ವನ್ ವಿಶ್ವ ಚಾಂಪಿಯನ್‌ಶಿಪ್ಪಿನ ಮೊಟ್ಟಮೊದಲ ರೇಸ್ ನಡೆದದ್ದೂ ಅಲ್ಲೇ. ಗುಡ್‌ವುಡ್, ಸ್ನೆಟರ್ಟನ್, ಕಾಸಲ್ ಕೂಂಬ್ ಎಲ್ಲದರ ಹಿನ್ನೆಲೆಯೂ ಯುದ್ಧಕಾಲದ ವಿಮಾನ ನೆಲೆಯೇ.

ವಾರದ ಎಲ್ಲ ದಿನ ರೇಸ್ ಇರುವುದಿಲ್ಲವಲ್ಲ. ಖಾಲಿ ದಿನಗಳಲ್ಲಿ ಜನರಿಗೆ ಬಾಡಿಗೆಗೆ ಕೊಟ್ಟರೆ ಟ್ರ್ಯಾಕಿನವರಿಗೂ ನಾಲ್ಕು ಕಾಸು. ಟ್ರ್ಯಾಕ್ ಡೇ ಅನ್ನುವುದು ಅಲ್ಲಿ ಹೀಗೆ ಒಂದು ವ್ಯವಹಾರವಾಗಿ ಬೆಳೆಯಿತು. ಅಷ್ಟು ಹೊತ್ತಿಗೆ 70 ಮತ್ತು 80ರ ದಶಕದ ಚುರುಕು ಹ್ಯಾಚ್‌ಬ್ಯಾಕುಗಳು ಎರಡನೇ, ಮೂರನೇ ಮಾಲೀಕರ ಕೈಗೆ ಬಂದು ಅಗ್ಗವಾಗಿದ್ದವು. ಹಳೆಯ ಕಾರಿಗೊಂದು ಎರಡನೇ ಜನ್ಮ ಸಿಕ್ಕಿತು.

ಅಂದ ಹಾಗೆ, ಅಲ್ಲಿಯ ಗಾಲ್ಫ್ ಜಿಟಿಐಗೆ ಒಂದು ವಿಚಿತ್ರ ಕಾಯಿಲೆ ಇತ್ತು. ಕಾರು ಹುಟ್ಟಿದ್ದು ಎಡಗಡೆ ಸ್ಟೀರಿಂಗಿನ ದೇಶದಲ್ಲಿ. 1979ರಲ್ಲಿ ಬಲಗಡೆ ಸ್ಟೀರಿಂಗಿನ ಕಾರು ಬ್ರಿಟನ್ನಿಗೆ ಬಂದಾಗ ಪೆಡಲ್ ಬಲಕ್ಕೆ ಬಂತು, ಆದರೆ ಬ್ರೇಕಿನ ಬೂಸ್ಟರ್ ಎಡಗಡೆಯೇ ಉಳಿಯಿತು. ನಡುವೆ ಅಡ್ಡಲಾಗಿ ಒಂದು ಸರಳು. ಕಾಲು ಒತ್ತಿದರೆ ಆ ಸರಳಿನ ಕೀಲುಗಳ ಸಡಿಲವೆಲ್ಲ ಮುಗಿದ ಮೇಲೆ ಬ್ರೇಕು ಹಿಡಿಯಬೇಕು. ಎಂಜಿನ್ನನ್ನು ಹೊಗಳಿದವರೆಲ್ಲ ಬ್ರೇಕನ್ನು ಬೈದರು. ಇಂಥ ಕಾರನ್ನು ಟ್ರ್ಯಾಕಿಗೆ ತಂದವರಿಗೆ ಯಾವುದನ್ನು ಮೊದಲು ಸರಿ ಮಾಡಬೇಕು ಅಂತ ಯಾರೂ ಹೇಳಿಕೊಡಬೇಕಾಗಲಿಲ್ಲ. ಕಾಲಿಗೇ ಗೊತ್ತಾಗುತ್ತಿತ್ತು.

ಎರಡೂ ಕಾಲು ಲೀಟರ್ ಬಿಸಿನೀರು

ಬ್ರೇಕಿನ ಬಗ್ಗೆ ಇಷ್ಟೊಂದು ಯಾಕೆ ಕೊರೆಯುತ್ತಿದ್ದೇನೆ ಅನ್ನುವವರಿಗೆ ಒಂದು ಹೈಸ್ಕೂಲು ಲೆಕ್ಕ. ಚಾಲಕನೂ ಸೇರಿ 900 ಕಿಲೋ ತೂಗುವ ಕಾರು ಗಂಟೆಗೆ 160 ಕಿ.ಮೀ. ವೇಗದಲ್ಲಿದೆ. ಮುಂದಿನ ತಿರುವಿಗೆ ಅದನ್ನು 60ಕ್ಕೆ ಇಳಿಸಬೇಕು. ಕಳೆಯಬೇಕಾದ ಶಕ್ತಿ ಸುಮಾರು ಏಳೂವರೆ ಲಕ್ಷ ಜೌಲ್. ಶಕ್ತಿ ಎಲ್ಲಿಗೂ ಮಾಯವಾಗುವುದಿಲ್ಲ, ಬಹುಪಾಲು ಬ್ರೇಕಿನಲ್ಲಿ ಶಾಖವಾಗುತ್ತದೆ. ಅಷ್ಟು ಶಾಖದಲ್ಲಿ ಎರಡೂ ಕಾಲು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಮನೆಯ ಸ್ಟವ್ವು ಅದಕ್ಕೆ ನಿಮಿಷಗಟ್ಟಲೆ ತೆಗೆದುಕೊಳ್ಳುತ್ತದೆ. ಬ್ರೇಕಿಗೆ ಸಿಗುವುದು ನಾಲ್ಕೈದು ಸೆಕೆಂಡು. ಮತ್ತೆ ಮುಂದಿನ ತಿರುವು, ಮತ್ತೆ ಒಂದು ಪಾತ್ರೆ ನೀರು. ಊರ ರಸ್ತೆಯಲ್ಲಿ ಹೀಗೆ ದಿನಕ್ಕೊಮ್ಮೆ ಆದರೆ ಹೆಚ್ಚು, ಟ್ರ್ಯಾಕಿನಲ್ಲಿ ಪ್ರತಿ ಸುತ್ತಿಗೂ ಹಲವು ಸಲ.

ಈಗ ಬ್ರೇಕ್ ಆಯಿಲ್ ವಿಷಯಕ್ಕೆ ಬನ್ನಿ. ಹೆಸರಿಗೆ ಆಯಿಲ್, ಆದರೆ ಅದು ಗಾಳಿಯಲ್ಲಿರುವ ತೇವ ಹೀರುವ ದ್ರವ. ಡಾಟ್ 4 ಎಂಬ ದರ್ಜೆಯದು ಹೊಸತಾಗಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ. ಅದೇ ಶೇಕಡ 3.7ರಷ್ಟು ನೀರು ಹೀರಿಕೊಂಡ ಮೇಲೆ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ದ್ರವ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ದ್ರವವನ್ನು ಅದುಮಲು ಆಗುವುದಿಲ್ಲ, ಗುಳ್ಳೆಯನ್ನು ಆಗುತ್ತದೆ. ಅಂದರೆ ಕಾಲು ಒತ್ತಿದಾಗ ಪೆಡಲ್ ಮೆತ್ತಗೆ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಘಾಟಿ ಇಳಿಯುವ ಲಾರಿಗಳ ಬ್ರೇಕ್ ಫೇಲ್ ಸುದ್ದಿ ಓದಿರುತ್ತೀರಿ, ಅಲ್ಲಿಯೂ ಖಳನಾಯಕ ಶಾಖವೇ.

ಹಾಗಾಗಿ ಈ ವಿದ್ಯೆ ಬಲ್ಲವರು ಹಿಡಿಯುವ ಕ್ರಮ ಹೆಚ್ಚುಕಡಿಮೆ ಹೀಗಿರುತ್ತದೆ:

ಮೊದಲು ತುಕ್ಕು. ಕಾರನ್ನು ಎತ್ತಿ ನಿಲ್ಲಿಸಿ, ಬಾಗಿಲಿನ ಕೆಳಗಿನ ಪಟ್ಟಿ, ಜಾಕ್ ಕೊಡುವ ಜಾಗ, ಶಾಕ್ ಅಬ್ಸಾರ್ಬರಿನ ತಲೆ ಕೂರುವ ಜಾಗ, ಎಲ್ಲ ಕಡೆ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡುತ್ತಾರೆ. ಚುಚ್ಚಿದ ಕಡೆ ಒಳಗೆ ಹೋದರೆ ಮೊದಲು ಟಿಂಕರಿಂಗ್, ಉಳಿದದ್ದೆಲ್ಲ ಆಮೇಲೆ. ಕೊಳೆತ ತೊಲೆಗೆ ಹೊಸ ಹೆಂಚು ಹೊದಿಸಿ ಫಲವಿಲ್ಲ.

ಎರಡನೆಯದು ಬ್ರೇಕು. ಹೊಸ ದ್ರವ, ಶಾಖ ತಾಳುವ ಪ್ಯಾಡು, ಉಬ್ಬಿಕೊಳ್ಳುವ ಹಳೆಯ ರಬ್ಬರ್ ಪೈಪಿನ ಬದಲು ಉಕ್ಕಿನ ಎಳೆ ಹೆಣೆದ ಪೈಪು. ಹ್ಯಾಚ್‌ಬ್ಯಾಕಿನಲ್ಲಿ ಎಂಜಿನ್ ಮುಂದೆ, ಗೇರ್‌ಬಾಕ್ಸ್ ಮುಂದೆ. ಬ್ರೇಕ್ ಹಾಕಿದಾಗ ಉಳಿದ ಭಾರವೂ ಮುಂದಕ್ಕೇ ವಾಲುತ್ತದೆ. ಹಿಂದಿನ ಬ್ರೇಕಿನ ಪಾತ್ರ ತೀರ ಕಡಿಮೆ, ಎಲ್ಲ ಹೊರೆ ಮುಂದಿನ ಜೋಡಿಗೆ.

ಮೂರನೆಯದು ವಯಸ್ಸಾದ ರಬ್ಬರು ಮತ್ತು ಬೇರಿಂಗು. ಸಸ್ಪೆನ್ಷನ್ನಿನ ಬುಷ್, ಎಂಜಿನ್ ಮೌಂಟಿಂಗ್, ಚಕ್ರದ ಬೇರಿಂಗ್, ಪೆಟ್ರೋಲ್ ಪೈಪು, ಟೈಮಿಂಗ್ ಬೆಲ್ಟು. ಇವೆಲ್ಲ ಸೇರಿ ಒಂದು ಹೊಳೆಯುವ ಸೈಲೆನ್ಸರಿನಷ್ಟು ಖರ್ಚು ಬರಬಹುದು. ಹೊರಗೆ ಯಾರಿಗೂ ಕಾಣುವುದಿಲ್ಲ, ಹಾಗಾಗಿ ಹುಡುಗರಿಗೆ ಇದರಲ್ಲಿ ಉತ್ಸಾಹ ಕಡಿಮೆ.

ನಾಲ್ಕನೆಯದು ತಾಳಿಕೆ. ಉದ್ದನೆಯ ತಿರುವಿನಲ್ಲಿ ಎಂಜಿನ್ನಿನ ಆಯಿಲ್ ಎಲ್ಲ ತಟ್ಟೆಯ ಒಂದು ಬದಿಗೆ ಸರಿದು, ಪಂಪು ಗಾಳಿ ಎಳೆಯುವ ಅಪಾಯ ಇದೆ. ಅದಕ್ಕೇ ತಟ್ಟೆಯೊಳಗೆ ಅಡ್ಡ ತಡೆಗಳನ್ನು ಕೂರಿಸುತ್ತಾರೆ. ರೇಡಿಯೇಟರನ್ನು ಶುಚಿ ಮಾಡಿಸುತ್ತಾರೆ ಅಥವಾ ಬದಲಿಸುತ್ತಾರೆ.

ಐದನೆಯದು ಟೈರು ಮತ್ತು ಚಕ್ರದ ಓರೆ. ಮುಂದಿನ ಚಕ್ರವೇ ಎಳೆಯಬೇಕು, ತಿರುಗಿಸಬೇಕು, ನಿಲ್ಲಿಸಬೇಕು. ಒಬ್ಬನೇ ಆಳು ಮೂರು ಕೆಲಸ ಮಾಡಿದ ಹಾಗೆ. ಕಾರು ವಾಲಿದಾಗ ಟೈರು ನೆಲಕ್ಕೆ ಪೂರ್ತಿ ಊರುವಂತೆ, ಚಕ್ರದ ತಲೆ ಸ್ವಲ್ಪ ಒಳಕ್ಕೆ ಓರೆಯಾಗಿರುವಂತೆ ಹೊಂದಿಸುತ್ತಾರೆ. ಹಳೆಯ ಗಾಲ್ಫ್ ತಿರುವಿನಲ್ಲಿ ಒಳಬದಿಯ ಹಿಂದಿನ ಚಕ್ರವನ್ನು ಮೇಲಕ್ಕೆತ್ತಿರುವ ಫೋಟೋಗಳನ್ನು ನೀವೂ ನೋಡಿರಬಹುದು. ಲೈಟು ಕಂಬದ ಹತ್ತಿರ ನಾಯಿ ನಿಂತ ಭಂಗಿ!

ಆರನೆಯದು ಸೀಟು, ಬೆಲ್ಟು, ಪಂಜರ. ಮೈಯನ್ನು ಬಿಗಿಯಾಗಿ ಹಿಡಿಯುವ ಸೀಟು ಸಿಕ್ಕರೆ ಕೈಗೆ ಸ್ಟೀರಿಂಗ್ ತಿರುಗಿಸುವ ಕೆಲಸ ಮಾತ್ರ ಉಳಿಯುತ್ತದೆ, ಅದನ್ನು ಹಿಡಿದು ನೇತಾಡುವ ಕೆಲಸ ಇರುವುದಿಲ್ಲ. ಆದರೆ ಇಲ್ಲೊಂದು ಎಚ್ಚರಿಕೆ ಇದೆ. ರೇಸ್ ಬೆಲ್ಟು ಮೈಯನ್ನು ನೆಟ್ಟಗೆ ಕಟ್ಟಿಹಾಕುತ್ತದೆ. ಕಾರು ಮಗುಚಿ ಚಾವಣಿ ಕುಸಿದರೆ ಬಗ್ಗಲು ಆಗುವುದಿಲ್ಲ. ಆದ್ದರಿಂದ ಆ ಬೆಲ್ಟಿನ ಜೊತೆ ಚಾವಣಿಯನ್ನು ಹೊರುವ ಕಬ್ಬಿಣದ ಪಂಜರವೂ ಇರಬೇಕು. ಅರ್ಧ ಮಾಡಿದ ಸುರಕ್ಷತೆ ಅಪಾಯವೇ.

ಏಳನೆಯದು, ಎಲ್ಲಕ್ಕಿಂತ ಕೊನೆಗೆ, ಎಂಜಿನ್ನಿನ ಶಕ್ತಿ. ಬಹಳ ಜನ ಇಲ್ಲಿಯ ತನಕ ಬರುವುದೇ ಇಲ್ಲ. ಬಂದ ಮೇಲೆ ಬೇಕು ಅನ್ನಿಸುವುದೂ ಇಲ್ಲ.

ಕಳೆಯುವ ಲೆಕ್ಕ

ಈ ನಡುವೆ ಫ್ರಾನ್ಸಿನಲ್ಲಿ ಇನ್ನೊಂದು ಕಾರು ಹೆಸರು ಮಾಡಿತ್ತು. ಪೆಜೋ 205. 1983ರಲ್ಲಿ ಬಂದ ಪುಟ್ಟ ಕಾರು, 1984ರಲ್ಲಿ ಅದರ ಜಿಟಿಐ ಅವತಾರ. 1.6 ಲೀಟರಿನ ಎಂಜಿನ್, 105 ಅಶ್ವಶಕ್ತಿ. 1986ರಲ್ಲಿ 1.9 ಲೀಟರ್, 130 ಅಶ್ವಶಕ್ತಿ.

ಇದರ ಸ್ವಭಾವ ಕುಖ್ಯಾತ. ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದಿರೋ, ಭಾರ ಮುಂದಕ್ಕೆ ಜಾರಿ, ಹಿಂದಿನ ಟೈರಿನ ಹಿಡಿತ ಸಡಿಲಗೊಂಡು, ಕಾರಿನ ಬಾಲ ಮುಂದೆ ಬರಲು ನೋಡುತ್ತದೆ. ಬಲ್ಲವರಿಗೆ ಅದು ವರ, ಕಾರನ್ನು ತಿರುಗಿಸಲು ಸ್ಟೀರಿಂಗಿನ ಜೊತೆ ಬಲಗಾಲನ್ನೂ ಬಳಸಬಹುದು. ಅರಿಯದವರಿಗೆ ಶಾಪ. ರಸ್ತೆಯಲ್ಲಿ ಇದನ್ನು ಕಲಿಯಲು ಹೋದವರು ಬೇಲಿ ಸೇರಿದರು. ಟ್ರ್ಯಾಕಿನಲ್ಲಿ ಕಲಿಯಲು ಹೋದವರು ಎರಡು ಸುತ್ತು ಗಿರಗಿಟ್ಲೆ ತಿರುಗಿ, ಹುಲ್ಲಿನ ಮೇಲೆ ನಿಂತು, ನಾಚಿಕೊಂಡು ವಾಪಸು ಬಂದರು. ಟ್ರ್ಯಾಕ್ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೆ?

ಈ 205ರ ಇನ್ನೊಂದು ತಮ್ಮ 1988ರಲ್ಲಿ ಬಂದ. ಹೆಸರು ರ್‍ಯಾಲಿ. ಎಂಜಿನ್ ಬರೀ 1,294 ಸಿಸಿ, ಶಕ್ತಿ 103, ತೂಕ 800 ಕಿಲೋ ಒಳಗೆ. ಸದ್ದು ತಡೆಯುವ ಹೊದಿಕೆ ಕಡಿಮೆ, ಒಳಗಿನ ಸೌಕರ್ಯ ಕಡಿಮೆ, ಅಲಂಕಾರದ ಅಲಾಯ್ ಬದಲು ಸಾದಾ ಉಕ್ಕಿನ ಬಿಳಿ ಚಕ್ರ. ಹೊಸದನ್ನು ಸೇರಿಸಿ ಹೆಚ್ಚು ಬೆಲೆ ಕೇಳುವುದು ಕಂಪನಿಗಳ ಅಭ್ಯಾಸ. ಇಲ್ಲಿ ಒಂದು ಕಂಪನಿಯೇ ಇದ್ದದ್ದನ್ನು ಕಳೆದು ಕಾರನ್ನು ಚುರುಕು ಮಾಡಿತ್ತು. ಗ್ಯಾರೇಜಿನಲ್ಲಿ ಹಿಂದಿನ ಸೀಟು, ಕಾರ್ಪೆಟ್ಟು, ನೆಲಕ್ಕೆ ಅಂಟಿಸಿದ ಟಾರಿನ ಹಾಳೆ ಕಿತ್ತು ಹಾಕುವ ಹವ್ಯಾಸಿಗಳು ಮಾಡುವುದು ಇದನ್ನೇ. ಟಾರಿನ ಹಾಳೆ ಅಷ್ಟು ಸುಲಭಕ್ಕೆ ಏಳುವುದಿಲ್ಲ. ಅದರ ಮೇಲೆ ಒಣ ಮಂಜುಗಡ್ಡೆ ಸುರಿದು, ಪೆಡಸಾದ ಮೇಲೆ ಸುತ್ತಿಗೆಯಲ್ಲಿ ತಟ್ಟಿದರೆ ಹಪ್ಪಳದಂತೆ ಮುರಿದು ಬರುತ್ತದೆ.

ತೂಕ ಕಳೆದರೆ ಎಲ್ಲಕ್ಕೂ ಲಾಭ. ಅದೇ ಎಂಜಿನ್ ಚುರುಕಾಗುತ್ತದೆ, ಟೈರು ಕಡಿಮೆ ಸವೆಯುತ್ತದೆ, ಬ್ರೇಕಿಗೆ ಕಾಯಿಸಬೇಕಾದ ನೀರೂ ಕಡಿಮೆಯಾಗುತ್ತದೆ. ಶಕ್ತಿ ಹೆಚ್ಚಿಸಿದರೆ ಹೀಗಲ್ಲ, ಉಳಿದ ಎಲ್ಲದರ ಮೇಲೂ ಹೊರೆ ಬೀಳುತ್ತದೆ.

ನಮ್ಮ ಕಡೆಯ ಕಥೆ

ನಮ್ಮಲ್ಲಿಯೂ ಈ ಕಥೆ ಶುರುವಾಗಿದ್ದು ಯುದ್ಧಕಾಲದ ವಿಮಾನ ನೆಲೆಯಲ್ಲೇ. ಚೆನ್ನೈ ಹತ್ತಿರದ ಶೋಲಾವರಂ. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿಯ ರನ್‌ವೇ ಮೇಲೆ ದಶಕಗಳ ಕಾಲ ರೇಸ್ ನಡೆಸಿತು. ಮನೆಯಿಂದ ಆಫೀಸಿಗೆ ಹೋಗುವ ಫಿಯೆಟ್ಟುಗಳನ್ನೇ ಬಿಚ್ಚಿ ಹಗುರ ಮಾಡಿ ಓಡಿಸುತ್ತಿದ್ದ ಕಾಲ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಮೂರು ಸಿಲಿಂಡರಿನ 796 ಸಿಸಿ ಎಂಜಿನ್. ಮಧ್ಯಮ ವರ್ಗದ ಮನೆಗೆ ಅದು ಕಾರು, ಕೊಯಮತ್ತೂರಿನ ಕರಿವರ್ಧನ್ ಅವರಿಗೆ ಅದು ಎಂಜಿನ್. ಅದನ್ನು ತೆಗೆದು ಒಬ್ಬರೇ ಕೂರುವ ಪುಟ್ಟ ರೇಸ್ ಕಾರಿಗೆ ಕೂರಿಸಿದರು, ಫಾರ್ಮುಲಾ ಮಾರುತಿ ಆಯಿತು. 2005ರಲ್ಲಿ ಭಾರತದ ಮೊದಲ ಫಾರ್ಮುಲಾ ವನ್ ಚಾಲಕನಾದ ನಾರಾಯಣ್ ಕಾರ್ತಿಕೇಯನ್ ತನ್ನ ಆರಂಭದ ರೇಸುಗಳನ್ನು ಓಡಿಸಿದ್ದು ಇಂಥ ಕಾರಿನಲ್ಲೇ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನಲ್ಲಿ 2003ರಲ್ಲಿ ಶುರುವಾದ ಟ್ರ್ಯಾಕಿಗೆ ಅವರದೇ ಹೆಸರು, ಕರಿ ಮೋಟಾರ್ ಸ್ಪೀಡ್‌ವೇ. ಅದಕ್ಕೂ ಮೊದಲು, 1990ರಲ್ಲಿ, ಶೋಲಾವರಂ ಬದಲಿಗೆ ಶ್ರೀಪೆರಂಬುದೂರು ಸಮೀಪದ ಇರುಂಗಾಟ್ಟುಕೋಟ್ಟೈಯಲ್ಲಿ 3.7 ಕಿ.ಮೀ. ಉದ್ದದ ಟ್ರ್ಯಾಕ್ ತೆರೆದಿತ್ತು. ಬೆಂಗಳೂರಿನಿಂದ ಚೆನ್ನೈ ಹೆದ್ದಾರಿ ಹಿಡಿದು ಹೋದರೆ ಊರು ಸೇರುವ ಮೊದಲೇ ಸಿಗುತ್ತದೆ.

1993ರಲ್ಲಿ ಬಂದ ಝೆನ್ ನಮ್ಮವರ ಗಾಲ್ಫ್ ಅನ್ನಬಹುದು. 993 ಸಿಸಿಯ ಅಲ್ಯೂಮಿನಿಯಂ ಎಂಜಿನ್, ನೆಲಕ್ಕೆ ಅಂಟಿಕೊಂಡಂಥ ನಿಲುವು. ಇಲ್ಲಿ ತಯಾರಾದ ಝೆನ್ ಸುಝುಕಿ ಆಲ್ಟೋ ಅನ್ನುವ ಹೆಸರಿನಲ್ಲಿ ಯುರೋಪಿಗೂ ಹೋಯಿತು. 2006ಕ್ಕೆ ಅದರ ತಯಾರಿಕೆ ನಿಂತಿತು, 2014ರ ಜನವರಿಗೆ ಮಾರುತಿ 800 ಕೂಡ ನಿಂತಿತು. ಈಗ ಉಳಿದಿರುವುದು ಹಳೆಯ ಗಾಡಿಗಳು ಮಾತ್ರ.

ಹಾಗಿದ್ದರೆ ಒಂದು ಝೆನ್ ಕೊಂಡು ಸೀಟು ಕಿತ್ತು, ಪಂಜರ ಕೂರಿಸಿ ರಸ್ತೆಗೆ ಇಳಿಸೋಣವೇ? ಇಲ್ಲ. ಕಂಪನಿ ಕೊಟ್ಟ ಸ್ವರೂಪ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಜರ್ಮನಿಯಲ್ಲಿ ಬದಲಾವಣೆಯನ್ನು ತಜ್ಞರಿಂದ ಪರೀಕ್ಷೆ ಮಾಡಿಸಿ ಕಾಗದದಲ್ಲಿ ಬರೆಸಿಕೊಂಡರೆ ಅದೇ ಕಾರಿನಲ್ಲಿ ರಸ್ತೆಯ ಮೇಲೆ ಟ್ರ್ಯಾಕಿಗೆ ಹೋಗಿ ಬರಬಹುದು. ನಮ್ಮಲ್ಲಿ ಪೂರಾ ಬದಲಿಸಿದ ಕಾರು ಲಾರಿಯ ಮೇಲೆ ಕೂತು ಪ್ರಯಾಣ ಮಾಡಬೇಕು. ಆದರೆ ಮೇಲಿನ ಪಟ್ಟಿ ಇನ್ನೊಮ್ಮೆ ನೋಡಿ. ತುಕ್ಕು, ಬ್ರೇಕ್ ಆಯಿಲ್, ಬುಷ್, ಬೇರಿಂಗ್, ರೇಡಿಯೇಟರ್. ಇವನ್ನು ಸರಿ ಮಾಡಿಸಲು ಯಾವ ಆರ್‌ಟಿಒ ಬೇಡ ಅನ್ನುತ್ತಾನೆ?

ಕೊಯ್ಯಬೇಕೋ, ಉಳಿಸಬೇಕೋ?

ಕೊನೆಗೊಂದು ತಕರಾರು ಉಳಿದಿದೆ. ಪಂಜರವನ್ನು ವೆಲ್ಡ್ ಮಾಡಿದ ಕಾರು ಮತ್ತೆ ಮೊದಲಿನಂತೆ ಆಗುವುದಿಲ್ಲ. ಜರ್ಮನಿಯಲ್ಲಿ 30 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಕಾರಿಗೆ ಐತಿಹಾಸಿಕ ವಾಹನದ ನಂಬರ್ ಪ್ಲೇಟ್ ಸಿಗುತ್ತದೆ. ನಮ್ಮಲ್ಲಿ 2021ರ ನಿಯಮದಂತೆ 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ವಾಹನ ವಿಂಟೇಜ್. ಆ ಲೆಕ್ಕಕ್ಕೆ ಮೊದಲ ಮಾರುತಿ 800 ವಿಂಟೇಜ್ ಆಗುವುದು 2033ರ ಡಿಸೆಂಬರಿಗೆ. ಅಷ್ಟರೊಳಗೆ ಎಷ್ಟು ಕಾರು ಗುಜರಿ ಸೇರಿರುತ್ತವೋ, ಎಷ್ಟು ಕಾರಿನ ಹೊಟ್ಟೆ ಕೊಯ್ದಿರುತ್ತಾರೋ!

ಸಂಗ್ರಹಕಾರರು ‘ಒಳ್ಳೆಯ ಕಾರನ್ನು ಹಾಳು ಮಾಡಿದರು’ ಅನ್ನುತ್ತಾರೆ. ಟ್ರ್ಯಾಕಿನವರು ‘ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿದ ಕಾರು ಕಾರೇ ಅಲ್ಲ’ ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ನನ್ನ ಪ್ರಕಾರ ಈ ಜಗಳಕ್ಕೆ ಉತ್ತರ ಗಾಲ್ಫಿನ ಹುಟ್ಟಿನಲ್ಲೇ ಇದೆ. ಆ ಕಾರು ಹುಟ್ಟಿದ್ದೇ ಇದ್ದ ಸಾಧಾರಣ ಕಾರನ್ನು ಕೆಲವರು ಬಿಚ್ಚಿ ತಿದ್ದಿದ್ದರಿಂದ. ತಿದ್ದುವುದು ಅದರ ಚರಿತ್ರೆಗೆ ಮಾಡುವ ದ್ರೋಹವಲ್ಲ, ಅದರ ಚರಿತ್ರೆಯೇ ಅದು. ಆದರೆ ಅವರು ತಿದ್ದಿದ್ದು ಅಪರೂಪದ ಕಾರನ್ನಲ್ಲ, ಬೀದಿಗೊಂದು ಸಿಗುತ್ತಿದ್ದ ಕಾರನ್ನು.

ಹಾಗಾಗಿ ತುಕ್ಕಿಲ್ಲದ, ಕಾಗದ ಪತ್ರ ಸರಿಯಿರುವ, ಮೊದಲಿನಂತೆಯೇ ಇರುವ ಹಳೇ ಕಾರು ಸಿಕ್ಕರೆ ಅದನ್ನು ಕೊಯ್ಯಬೇಡಿ. ಬಣ್ಣ ಹೋದ, ಒಳಗಿನ ಸೀಟು ಹರಿದ, ಗುಜರಿಯವನು ತೂಕಕ್ಕೆ ಕೇಳುತ್ತಿರುವ ಕಾರು ಹುಡುಕಿ. ವೆಲ್ಡಿಂಗಿನ ಬದಲು ಬೋಲ್ಟಿನಲ್ಲಿ ಆಗುವುದನ್ನು ಬೋಲ್ಟಿನಲ್ಲೇ ಮಾಡಿ. ಬಿಚ್ಚಿದ್ದನ್ನೆಲ್ಲ ಚೀಟಿ ಅಂಟಿಸಿ ಅಟ್ಟದ ಮೇಲಿಡಿ, ಮುಂದೆ ಯಾರಾದರೂ ಪುಣ್ಯಾತ್ಮ ವಾಪಸು ಜೋಡಿಸಬಹುದು.

ಮತ್ತೆ ಇದ್ಯಾವುದೂ ಮಾಡುವುದಿಲ್ಲ, ನನ್ನ ಕಾರು ಮನೆ ಮತ್ತು ಆಫೀಸಿಗೆ ಮಾತ್ರ ಅನ್ನುವವರಿಗೂ ಒಂದು ಕೆಲಸ ಇದೆ. ನಿಮ್ಮ ಕಾರಿನ ಬ್ರೇಕ್ ಆಯಿಲ್ ಬದಲಿಸಿ ಎಷ್ಟು ವರ್ಷವಾಯಿತು? ಸರ್ವೀಸ್ ಪುಸ್ತಕ ತೆಗೆದು ಒಮ್ಮೆ ನೋಡಿ. ಉತ್ತರ ಗೊತ್ತಿಲ್ಲದಿದ್ದರೆ ಈ ಭಾನುವಾರ ಮೆಕ್ಯಾನಿಕ್ ಹತ್ತಿರ ಹೋಗಿ ಬನ್ನಿ.